ಷರಾ

ನೀಲಿ ಗೀಟಿನ ದಪ್ಪ ಪುಸ್ತಕದಲ್ಲಿ
ತೂಕಕ್ಕೊಂದು ಕಾಲಂ, ಮೊಟ್ಟೆಗೊಂದು,
ಚುಚ್ಚುಮದ್ದಿಗೊಂದು.
ಕಡೆಯದು ಷರಾ. ಹೆಬ್ಬೆರಳಿನಷ್ಟಗಲ.
ಹದಿನೇಳು ವರ್ಷದಿಂದ ಅದರಲ್ಲಿ ನಾನು ಬರೆದಿರುವುದು
'ಇಲ್ಲ' ಎಂಬ ಒಂದೇ ಮಾತು.

ಬುಧವಾರ ಮೇಲ್ವಿಚಾರಕಿ ಬಂದಿದ್ದರು.
ಸೆರಗಿನಲ್ಲಿ ಕನ್ನಡಕ ಒರೆಸುತ್ತ ಕೇಳಿದರು:
ಹತ್ತೂವರೆಯಿಂದ ಹನ್ನೆರಡರವರೆಗೆ
ಬರೀ ಆಟ ಅಂತ ಬರೆದಿದ್ದೀರಿ,
ಏನು ಕಲಿತವು?

ಇದು ಶಿಡ್ಲಘಟ್ಟ ಮೇಡಂ, ಅಂದುಕೊಂಡೆ, ಅನ್ನಲಿಲ್ಲ.
ಇಲ್ಲಿ ಚರಂಡಿಗೂ ಹುಳ ಬೆಂದ ವಾಸನೆ,
ತೊಟ್ಟಿಲ ಕೂಸಿಗೂ ರಾಟೆಯ ಸದ್ದು ಗೊತ್ತು.
ಇವು ಆಡಿದ್ದು ಗೂಡಿನ ಮಾರ್ಕೆಟ್ಟು.

ಪಿಳ್ಳಮ್ಮ ತಂದ ಹಸಿ ಕಡಲೆಕಾಯಿ ಬುಟ್ಟಿ
ಒಲೆ ಹತ್ತಿಸುವಷ್ಟರಲ್ಲಿ ಚಾಪೆಯ ಮೇಲೆ ರಾಶಿ.
ಮೋನಿಷ್ ರೈತ, ತಲೆಗೆ ನನ್ನ ಕರವಸ್ತ್ರ.
ಯಶಿಕಳ ತೋಳೇ ತಕ್ಕಡಿ:
ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ತೆಂಗಿನ ಚಿಪ್ಪು,
ಭಾರದ ಕಡೆಗೆ ಭುಜ ತಾನಾಗಿ ಬಾಗುತ್ತಿತ್ತು,
ಜೊತೆಗೆ ನಾಲಿಗೆಯೂ ತುಸು ಹೊರಗೆ.
ಲಿಖಿತ್ ಹೆಂಚಿನ ಚೂರನ್ನು ಫೋನು ಮಾಡಿಕೊಂಡು
ಹರಾಜು ಒತ್ತುತ್ತಿದ್ದ:
ನೂರು, ನೂರಾ ಹತ್ತು, ನೂರಾ ಎಂಟು, ಸಾವಿರ!

ಮಿಸ್ಬಾ ಮೂಲೆಯಲ್ಲಿ. ಜೂನಿನಿಂದಲೂ ಮೂಲೆಯಲ್ಲೇ.
ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ನನ್ನ ಹತ್ತಿರ ಕನ್ನಡ;
ಮೂರರ ನಡುವೆ ತುಟಿ ಹೊಲಿದುಕೊಂಡ ಮಗು.
'ಅ' ಅನ್ನಮ್ಮ ಎಂದರೆ
ಅದು ಯಾರದೋ ಮನೆಯ ಬಾಗಿಲೇನೋ ಎಂಬಂತೆ
ಹೊರಗೇ ನಿಂತು ನೋಡುತ್ತಾಳೆ.

ಆವತ್ತು ಎದ್ದಳು. ಯಾರೂ ಕರೆದಿರಲಿಲ್ಲ.
ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು
ಒಂದು ಕಾಯಿ ಆರಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ,
ಕಿಟಕಿಯ ಬೆಳಕಿಗೆ ಹಿಡಿದು,
ಎಸೆದಳು:
"ಡಬಲ್ ಗೂಡು. ಬೇಡ."

ಪಿಳ್ಳಮ್ಮನ ಕೈಯ ಸೌಟು ಅಲ್ಲೇ ನಿಂತಿತು.

ಒಂದೇ ಬೀಜದ್ದು ಒಳ್ಳೆಯ ಗೂಡು.
ನಡು ಸಣ್ಣಗಾಗಿ ಎರಡು ಕಡೆ ಉಬ್ಬಿದ್ದು, ಎರಡು ಹುಳ ಸೇರಿ ಕಟ್ಟಿದ್ದು,
ಅದರ ನೂಲು ಸಿಕ್ಕು.
ಯಾರು ಹೇಳಿಕೊಟ್ಟರು ಇವಳಿಗೆ?
ಎರಡು ಗುಡ್ಡೆ ಮಾಡಿದಳು ಸರಸರ.
ಡಬಲ್‌ನ ಗುಡ್ಡೆಯೇ ಬೆಟ್ಟವಾಯಿತು.
ಮೋನಿಷ್ ಅತ್ತೇಬಿಟ್ಟ: "ಹಿಂಗಾದ್ರೆ ನಾನು ಬದುಕೋದೆಂಗೆ!"
ಅಳು ನಿಜದ್ದೋ ಆಟದ್ದೋ, ಅವನಿಗೇ ಗೊತ್ತಿರಲಿಲ್ಲ.
ಮಿಸ್ಬಾ ಯೋಚಿಸಿ, ಡಬಲ್‌ಗೂ ಒಂದು ರೇಟು ಕಟ್ಟಿದಳು, ಕಮ್ಮಿ.

ಆಮೇಲೆ ಸಿಕ್ಕಿತು ಮೂರು ಬೀಜದ ಒಂದು ಕಾಯಿ.
ಇದಕ್ಕೇನನ್ನಬೇಕು?
ಮಾರ್ಕೆಟ್ಟೇ ಸ್ತಬ್ಧ.
ಅಪ್ಪ ಗೂಡು ಅಂದ ಒಬ್ಬ. ಆಟೋ ಅಂದಳು ಒಬ್ಬಳು.
ತೀರ್ಮಾನವಾಗದೆ ಒಡೆದರು. ಬೀಜ ಮೂರು, ಜನ ನಾಲ್ಕು.
ನಾನು ಬಾಯಿ ಹಾಕಹೋದೆ, ತಡೆದುಕೊಂಡೆ.
ಲಿಖಿತ್ ಅಂದ: "ನಂಗೆ ಸಿಪ್ಪೆ ಸಾಕು, ಅದು ದೋಣಿ."
ಹೋಗಿ ಕುಡಿಯುವ ನೀರಿನ ಡ್ರಮ್ಮಿಗೇ ಬಿಟ್ಟ.
ಬೈದೆ. ತೇಲುವುದನ್ನೂ ನೋಡಿದೆ.

ಮೂರೂವರೆಗೆ ಖಲೀಲ್ ಬಂದ,
ಬಿಸಿನೀರಲ್ಲಿ ಬೆಂದು ಬೆಳ್ಳಗಾದ ಬೆರಳು.
"ಏನಾದ್ರೂ ಬರೀತಾಳಾ ಮಿಸ್?
ಕಾನ್ವೆಂಟಿನವು ನೂರರತನಕ ಬರೀತವಂತೆ."
ನಾನು ಉತ್ತರ ಹುಡುಕುವಷ್ಟರಲ್ಲಿ
ಮಗಳು ಅವನ ಅಂಗೈಗೆ ಒಂದು ಕಾಯಿ ಇಟ್ಟಳು.
ಅವನ ಕೈ, ಅವನನ್ನು ಕೇಳದೆಯೇ,
ಅದನ್ನು ಕಿವಿಯ ಹತ್ತಿರ ಒಯ್ದು ಅಲ್ಲಾಡಿಸಿತು.
ಚಪ್ಪಲಿ ಬಿಟ್ಟು ಒಳಗೆ ಬಂದ. ಕುಕ್ಕರಗಾಲಲ್ಲಿ ಕೂತ.
"ಕೇಜಿ ಎಷ್ಟಮ್ಮ?"
"ದುಡ್ಡು ಮೊದ್ಲು," ಅಂದಳು, ಕನ್ನಡದಲ್ಲಿ, ಅಪ್ಪನಿಗೆ.

ಪೊರಕೆ ಹಿಡಿದು ಬಂದ ಪಿಳ್ಳಮ್ಮನಿಗೆ
ಇವತ್ತು ಗುಡಿಸಬೇಡ ಎಂದೆ.
ಪುಸ್ತಕ ತೆರೆದೆ. ಹೆಬ್ಬೆರಳಗಲದ ಜಾಗ.
ಅಕ್ಷರ ಸಣ್ಣದು ಮಾಡಿ, ಅಂಚು ದಾಟಿ, ಬರೆದೆ:
ಮೂರು ಬೀಜದ ಕಾಯಿಗೆ
ಇನ್ನೂ ಹೆಸರಿಟ್ಟಿಲ್ಲ.